ಪಕಾರವಿಲ್ಲದ ಊರಿನಲ್ಲಿ ಪೆರು

ನಾನು ಹೆಸರು ಮಾಡಿದವನಲ್ಲ. ಮಾಡುವುದಿರಲಿ, ಅಪ್ಪ ಅಮ್ಮ ಇಟ್ಟ ಹೆಸರನ್ನೇ ನೆಟ್ಟಗೆ ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ. ಕಾರ್ಕಳದಿಂದ ಹೊರಡುವಾಗ ಪದ್ಮನಾಭನಾಗಿದ್ದವನು, ಒಮಾನಿನ ರುಸ್ತಾಕಿಗೆ ಬಂದು ಟಯರ್ ಅಂಗಡಿಯ ಆಫೀಸಿಗೆ ಸೇರಿದ ದಿನವೇ ಬದ್ಮನಾಭನಾದೆ. ನನ್ನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಸಾಲಿಂ ಅವರನ್ನು ದೂರುವಂತಿಲ್ಲ, ಅರಬ್ಬಿಯಲ್ಲಿ ಪಕಾರವೇ ಇಲ್ಲ. ಅವರ ಬಾಯಲ್ಲಿ ಪೆಟ್ರೋಲು ಬೆಟ್ರೋಲು, ಪೊಲೀಸ್ ಬೊಲೀಸ್. ಕಾವ್ಯ ಕಟ್ಟಿ, ಗಣಿತ ಬೆಳೆಸಿ, ನಕ್ಷತ್ರ ನೋಡಿಕೊಂಡು ಸಮುದ್ರ ದಾಟಿದ ಜನ ಒಂದು ಅಕ್ಷರದ ಹಂಗಿಲ್ಲದೆ ಇಷ್ಟೆಲ್ಲ ಮಾಡಿದರಲ್ಲ ಎಂದು ನನಗೆ ಈಗಲೂ ಬೆರಗು.

ಆ ಅಕ್ಷರ ನಮ್ಮ ಮನೆಯಲ್ಲೂ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಬಯಸಿದ್ದುಂಟು. ನನ್ನ ಮಗಳು ಆಗ ಐದನೇ ಕ್ಲಾಸು. ಮಾತು ಉಗ್ಗುತ್ತಿತ್ತು. ಅದರಲ್ಲೂ ಶಬ್ದದ ಮೊದಲಿಗೆ ‘ಪ’ ಬಂದರೆ ತುಟಿ ಅಂಟಿಕೊಂಡುಬಿಡುತ್ತಿತ್ತು. ಅಂಥ ಹುಡುಗಿಗೆ ನಾನು ಆರಿಸಿ ಆರಿಸಿ ಇಟ್ಟ ಹೆಸರು ಪಲ್ಲವಿ. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಭಾಗಕ್ಕೆ ಹಾಗೆನ್ನುತ್ತಾರೆಂದು ತೊಟ್ಟಿಲಿನ ದಿನ ಎಲ್ಲರಿಗೂ ಜಂಬದಿಂದ ವಿವರಿಸಿದವನೂ ನಾನೇ. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ತನ್ನ ಹೆಸರನ್ನು ಹೇಳಲಾಗದೆ ವೇದಿಕೆಯಿಂದ ಇಳಿದುಬಂದು, ಒಂದು ವಾರ ಅವಳು ಶಾಲೆಯ ಕಡೆ ತಲೆ ಹಾಕಿರಲಿಲ್ಲ.

ಈ ಸಲದ ವಾರ್ಷಿಕೋತ್ಸವಕ್ಕೆ ಸೂಸಮ್ಮ ಟೀಚರು ಚೀಟಿ ಎತ್ತಿಸಿದರು. ಚೀಟಿಯಲ್ಲಿ ಬಂದ ದೇಶದಲ್ಲಿ ವಿವಿಧ ಕ್ಷೇತ್ರಗಳಲ್ಲಿ ಹೆಸರು ಮಾಡಿದವರ ಬಗ್ಗೆ ಮಕ್ಕಳು ಮಾತಾಡಬೇಕು. ಜಗತ್ತಿನಲ್ಲಿ ಅಷ್ಟೊಂದು ದೇಶಗಳಿರುವಾಗ ಪಲ್ಲವಿಗೆ ಬಂದದ್ದು ಪೆರು!

ಸಂಜೆ ನಾನು “ಪೆರು, ಪೆರು” ಎಂದು ಗೊಣಗುತ್ತಾ ಅಡುಗೆಮನೆಗೆ ಹೋದರೆ ನನ್ನ ಹೆಂಡತಿ ವಾರಿಜ, “ಪೇರಾ? ನಿನ್ನೆಯಷ್ಟೇ ಎರಡು ಡಬ್ಬ ತಂದಿದ್ದೀರಲ್ಲ ಮಾರಾಯ್ರೆ!” ಎಂದಳು. ನಮ್ಮ ತುಳುವಿನಲ್ಲಿ ಪೇರ್ ಎಂದರೆ ಹಾಲು. ಮರುದಿನ ಸಾಲಿಂ ಅವರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡು, “ಬೀರು? ಬಹುತ್ ದೂರ್” ಎಂದರು. ಬಟ್ಟೆ ಇಡುವ ಬೀರು ಯಾಕೆ ದೂರವಾಯಿತೆಂದು ನಾನು ಒಂದು ನಿಮಿಷ ಕಣ್ಣು ಕಣ್ಣು ಬಿಟ್ಟೆ. ಕೊನೆಗೆ, ಹೇಗಾದರೂ ದೇಶ ಬದಲಿಸಿಕೊಡಿ, ಇಟಲಿಯೋ ಜಪಾನೋ ಯಾವುದಾದರೂ ಸರಿ ಎಂದು ಮಗಳಿಗೆ ತಿಳಿಯದಂತೆ ಸೂಸಮ್ಮ ಟೀಚರ ಹತ್ತಿರ ಹೋದೆ. ಅವರು ಮಲಯಾಳಿ. “ಜಪಾನ್‌ನಲ್ಲೂ ‘ಪ’ ಇದೆಯಲ್ಲ ಸಾರ್,” ಎಂದು ನಕ್ಕರು. “ನಮ್ಮ ಭಾಷೆಯಲ್ಲಿ ಪೇರ್ ಅಂದರೆ ಹೆಸರು. ಹೆಸರು ಮಾಡಿದವರ ಬಗ್ಗೆ ಹೇಳಲಿಕ್ಕೆ ಇದಕ್ಕಿಂತ ಒಳ್ಳೆಯ ದೇಶ ಎಲ್ಲಿ ಸಿಗ್ತದೆ? ಅವಳು ಬೇಡ ಅಂದಳಾ?”

ಅವಳು ಬೇಡ ಎಂದಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಟೀಚರ ಮನೆಯ ದಪ್ಪ ವಿಶ್ವಕೋಶದಿಂದ ಪಲ್ಲವಿ ಪೆರುವಿನವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ತಂದಳು. ಒಬ್ಬರು ಕಾದಂಬರಿಕಾರ, ಒಬ್ಬರು ದೇಶದೇಶಗಳ ಜಗಳ ಬಿಡಿಸುವ ರಾಜತಾಂತ್ರಿಕ, ಒಬ್ಬಳು ಗಾಯಕಿ, ಒಬ್ಬ ಫುಟ್‌ಬಾಲ್ ಆಟಗಾರ. ಅಲ್ಲಿಯವರು ತಂದೆಯ ಮನೆತನದ ಹೆಸರಿನ ಜೊತೆಗೆ ತಾಯಿಯದನ್ನೂ ಹೊತ್ತು ತಿರುಗುತ್ತಾರಂತೆ. ಹಾಗಾಗಿ ಒಂದೊಂದು ಹೆಸರೂ ಮಸ್ಕತ್ತಿಗೆ ಹೋಗುವ ದಾರಿಯಷ್ಟು ಉದ್ದ. ನನಗೆ ಇನ್ನಷ್ಟು ದಿಗಿಲಾಯಿತು. ಹೆತ್ತ ಕರುಳಿನ ಬುದ್ಧಿಯೆಲ್ಲ ಖರ್ಚು ಮಾಡಿ ಒಂದು ಉಪಾಯ ಹುಡುಕಿದೆ.

“ಎಲ್ಲಿ ‘ಪ’ ಬರ್ತದೋ ಅಲ್ಲಿ ಸಾಲಿಂ ಅಂಕಲ್ ಹಾಗೆ ‘ಬ’ ಅಂದುಬಿಡು ಮಗಾ. ಬಲ್ಲವಿ. ಬೀರು. ಈ ಊರಲ್ಲಿ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. “ಪಪ್ಪಾ, ದಟ್ ಈಸ್ ನಾಟ್ ಮೈ ನೇಮ್,” ಎಂದಳು. ಹೆಸರು ಕಳೆದುಕೊಂಡು ಹದಿನಾಲ್ಕು ವರ್ಷ ಚಕಾರವೆತ್ತದೆ ಕೂತಿದ್ದ ಬದ್ಮನಾಭನಿಗೆ ಮಗಳು ಹೇಳಿದ ಮಾತು ಇದು.

ವಾರ್ಷಿಕೋತ್ಸವದ ಸಂಜೆ ನಾವು ಮೂರನೇ ಸಾಲಿನಲ್ಲಿದ್ದೆವು. ಅತಿಥಿಗಳ ಸಾಲಿನಲ್ಲಿ ಸಾಲಿಂ ಕೂಡ ಇದ್ದರು. ಪಲ್ಲವಿ ಮೈಕಿನ ಮುಂದೆ ನಿಂತಳು. “ಮೈ ನೇಮ್ ಈಸ್ ಪ... ಪ...” ತುಟಿ ಅಂಟಿತು. ಹಿಂದೆ ಯಾರೋ ಕಿಸಕ್ಕೆಂದರು. ವಾರಿಜ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದರೂ ನಾನು ಎದ್ದು ನಿಂತೇಬಿಟ್ಟೆ. ಓಡಿಹೋಗಿ ಅವಳನ್ನು ಇಳಿಸಿಕೊಂಡು ಬರುವುದೋ, ಅವಳ ಹೆಸರನ್ನು ನಾನೇ ಕೂಗಿ ಹೇಳುವುದೋ, ಎದ್ದಾಗ ನನಗೂ ಗೊತ್ತಿರಲಿಲ್ಲ.

ಪಲ್ಲವಿ ನನ್ನನ್ನು ನೋಡಿದಳು. ಮೈಕಿನಲ್ಲಿಯೇ, ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಹೇಳಿದಳು: “ಪಪ್ಪಾ, ಸಿಟ್ ಡೌನ್!”

ಸಭೆ ಗೊಳ್ಳೆಂದಿತು. ಅವಳೂ ನಕ್ಕಳು. ನಕ್ಕ ಉಸಿರಿನಲ್ಲೇ, ಒಂದೇ ಒಂದು ಸಲ ತಡೆದು, “ಪ... ಪಲ್ಲವಿ” ಎಂದಳು. ದಿನಕ್ಕೆ ನಲವತ್ತು ಸಲ ಪಪ್ಪಾ ಎಂದು ಕರೆಯುವಾಗ ಅವಳ ತುಟಿ ಒಮ್ಮೆಯೂ ಅಂಟಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅವಳು ಎಲ್ಲಿ ತಡೆಯುತ್ತಾಳೆಂದು ಕಾಯುವುದರಲ್ಲೇ ನನ್ನ ಕಿವಿ ಸವೆದಿತ್ತು.

ಆಮೇಲೂ ಅವಳು ನಾಲ್ಕೈದು ಕಡೆ ತಡೆದಳು. ಆ ಉದ್ದನೆಯ ಹೆಸರುಗಳು ಕಾದವು, ಸಭೆಯೂ ಕಾಯಿತು. ಕಟ್ಟಕಡೆಗೆ, ಪೆರುವಿನವರಲ್ಲೆಲ್ಲ ಅತಿ ದೊಡ್ಡ ಹೆಸರು ಮಾಡಿದ್ದು ಬಟಾಟೆ ಎಂದಳು. ಅಲ್ಲಿನ ಬೆಟ್ಟಗಳಲ್ಲಿ ಹುಟ್ಟಿ, ಬೋಂಡ, ಪಲ್ಯ, ಚಿಪ್ಸ್, ಎಲ್ಲ ಕ್ಷೇತ್ರಗಳಲ್ಲೂ ಅದು ಗೆದ್ದಿದೆಯಂತೆ. “ಅಲ್ಲಿ ಅದನ್ನು ಪಾಪಾ ಅಂತಾರೆ,” ಎಂದು ನನ್ನ ಕಡೆ ನೋಡಿದಳು. ಚಪ್ಪಾಳೆ ಬಿದ್ದಾಗ ನಾನು ಅಳುತ್ತಿದ್ದೆ. ಬಟಾಟೆಗೆ ಹೋಲಿಸಿಕೊಂಡು ಇಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದೆ. ಸಾಲಿಂ ಬಂದೊಡನೆ ಎಂದಿನಂತೆ ಕುರ್ಚಿ ಬಿಟ್ಟು ಎದ್ದೆ. ಅವರು ಕೈಯೆತ್ತಿ ತಡೆದು, ಬಾಯ್ತುಂಬ ನಗುತ್ತಾ ನನಗೊಂದು ಹೊಸ ಹೆಸರಿಟ್ಟರು.

“ಬಾಬಾ, ಬೈಠೋ!”

ರುಸ್ತಾಕಿನಲ್ಲಿ ನಾನೂ ಹೆಸರು ಮಾಡಿದ್ದೆ. ಕೂತೆ.