ನನಗೆ ಮಾತ್ರ ಒದೆಯುತ್ತಿದ್ದ ಕಾರು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಆದರೆ ಒಂದು ಗೇರ್‌ಬಾಕ್ಸಿನ ದೆಸೆಯಿಂದ ಹೊಟ್ಟೆ ಉರಿದದ್ದು ಅದೇ ಮೊದಲು.

ಮಾವನವರು ಮಂಡಿನೋವಿಗೆಂದು ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಸೊಸೆಯರಿಬ್ಬರ ಪಾಲಿಗೆ ಬಂತು. ಕೀಲಿಕೈಯ ಯಜಮಾನಿಕೆ ಮಾತ್ರ ಅತ್ತೆಯದು. ನಾನು ಹಿರಿಸೊಸೆ, ಸಾಗರದಲ್ಲಿ ಅತ್ತೆಯ ಜೊತೆ ಇರುವವಳು. ನನ್ನ ಕೆಲಸ ಹೊಸನಗರದ ಒಂದು ಆಫೀಸಿನಲ್ಲಿ. ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಇರುವುದು ಹೊಸನಗರದಲ್ಲಿ, ಪಾಠ ಹೇಳುವುದು ತೀರ್ಥಹಳ್ಳಿಯ ಶಾಲೆಯೊಂದರಲ್ಲಿ. ಹಾಗಾಗಿ ಬೆಳಿಗ್ಗೆ ನಾನು ಸಾಗರದಿಂದ ಕಾರು ತಂದು ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಅವಳಿಗೆ ಕೊಡುವುದು, ಅವಳು ತೀರ್ಥಹಳ್ಳಿಗೆ ಹೋಗಿ ಸಂಜೆ ತಂದು ನನಗೆ ಒಪ್ಪಿಸುವುದು ಎಂದಾಗಿತ್ತು. ಎಂಜಿನ್ ಕೂಡ ಆರಿಸದೆ ಸೀಟು ಬದಲಾಯಿಸುತ್ತಿದ್ದೆವು. ನೋಡಿದವರು ಎಂಥಾ ಹೊಂದಾಣಿಕೆ ಎನ್ನುತ್ತಿದ್ದರು. ನನಗೋ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಅವಳು ಕೆಟ್ಟವಳಾಗಿದ್ದರೆ ಸುಲಭವಿತ್ತು. ಕೆಟ್ಟವಳಲ್ಲ. ಹಪ್ಪಳ ಸುಟ್ಟರೆ ಅವಳದ್ದು ಕರಿಯಾಗುವುದಿಲ್ಲ, ಸೀರೆ ಉಟ್ಟರೆ ನೆರಿಗೆ ಕದಲುವುದಿಲ್ಲ. ನಾನು ಮಾಡಿದ ತಂಬುಳಿಯ ಉಪ್ಪು ನೋಡಿಯೇ ಬಡಿಸುವ ಅತ್ತೆ, ಅವಳು ಮಾಡಿದ್ದನ್ನು ನೋಡದೆ ಬಡಿಸುತ್ತಾರೆ. ಇದನ್ನೆಲ್ಲ ನಾನು ಬೇಡವೆಂದರೂ ಕಣ್ಣು ಗಮನಿಸುತ್ತಿತ್ತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ರಿಪ್ಪನ್‌ಪೇಟೆಯ ಮೆಕ್ಯಾನಿಕ್ ಅದನ್ನು ಪೂರಾ ಬಿಚ್ಚಿ, ಒಳಗಿನ ಪ್ಲೇಟು, ಸೀಲು ಬದಲಿಸಿ ಹೊಸದಾಗಿ ಕಟ್ಟಿಕೊಟ್ಟ. "ಇನ್ ಇದ್ರ ತಂಟೆಗೆ ಹೋಗೋದೇ ಬ್ಯಾಡ ಮೇಡಂ" ಎಂದು ಎದೆ ತಟ್ಟಿಕೊಂಡ. ಚಳಿ ಬಿದ್ದ ಮೇಲೆ ನನ್ನ ಗ್ರಹಚಾರ ಶುರುವಾಯಿತು.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದರೆ ಸ್ವಲ್ಪ ಹೊತ್ತು ಕಾರು ಕೇಳಿಸಿಯೇ ಇಲ್ಲವೆಂಬಂತೆ ನಿಂತಿರುವುದು, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದಕ್ಕೆ ಜಿಗಿಯುವುದು. ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗಿಕೊಳ್ಳುವುದು, ಕಾರು ಮಾತ್ರ ಓಡದು, ಮತ್ತೆ ಧಡ್ ಎಂದು ಒಂದು ಒದೆ. ಊರು ದಾಟಿ ಸುಮಾರು ದೂರ ಹೋದ ಮೇಲೆ ತಂತಾನೇ ಸುಮ್ಮನಾಗುತ್ತಿತ್ತು. ಅವಳ ಹತ್ತಿರ ಹೋಗುತ್ತಿದ್ದೇನೆಂಬ ಖುಷಿ ಅದಕ್ಕೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ವಾರಗಿತ್ತಿಯನ್ನು ಕೇಳಿದೆ. "ನಂಗೆ ಎಂತದೂ ಮಾಡ್ತಿಲ್ಲೆ ಅಕ್ಕ, ಬೆಣ್ಣೆ ಹಾಂಗೆ ಹೋಗ್ತು" ಎಂದಳು. ಬೆಣ್ಣೆಯಂತೆ! ಸಂಜೆ ನನ್ನ ಕೈಗೆ ಬಂದಾಗಲೂ ಸರಿಯಾಗಿಯೇ ಹೋಗುತ್ತಿತ್ತು. ಅವಳು ಪಳಗಿಸಿ ಕೊಟ್ಟದ್ದರಿಂದ ಸ್ವಲ್ಪ ಹೊತ್ತು ನನ್ನ ಮಾತನ್ನೂ ಕೇಳುತ್ತದೆ ಎಂದುಕೊಂಡೆ. ಹೊಟ್ಟೆಕಿಚ್ಚಿಗೆ ಬಿದ್ದವರಿಗೆ ಬುದ್ಧಿ ಎಲ್ಲಿಂದ ಓಡಬೇಕು?

ಸಂಜೆ ಮನೆಗೆ ಬರುವಾಗ ರಿಪ್ಪನ್‌ಪೇಟೆ ಸುತ್ತಿಕೊಂಡು ಮೆಕ್ಯಾನಿಕ್ಕನಿಗೆ ತೋರಿಸಿದೆ. ಅವನೇ ಓಡಿಸಿ ನೋಡಿದ. ಬೆಣ್ಣೆ. ಸ್ಕ್ಯಾನರ್ ಚುಚ್ಚಿ ನೋಡಿದ, ಅದರಲ್ಲೂ ಯಾವ ದೋಷವೂ ಬರಲಿಲ್ಲ. ಆಯಿಲ್ ಮಟ್ಟ ನೋಡಿದ, ಸರಿಯಿತ್ತು. ಕೊನೆಗೆ ಹೇಳಿದ: "ಇದ್ರ ಕಂಪ್ಯೂಟರ್ರು ಓಡ್ಸೋರ ಕಾಲಿನ ಅಭ್ಯಾಸ ಕಲ್ತ್ಕಳ್ತದೆ ಮೇಡಂ. ಹಳೇದು ಅಳಿಸಿದೀನಿ. ಇನ್ ಹೊಸದಾಗಿ ಕಲ್ತ್ಕಳ್ಲಿ."

ಆ ಮಾತು ನನ್ನ ಉರಿಗೆ ತುಪ್ಪ ಹೊಯ್ದಿತು. ಹಾಗಾದರೆ ಇಷ್ಟು ದಿನ ಅದು ಕಲಿತದ್ದು ಯಾರ ಕಾಲನ್ನು? ಬಾಯಿಬಿಟ್ಟು ಹೇಳಬೇಕೆ? ಆ ವಾರದ ರಜೆಯಲ್ಲಿ ಕಾರನ್ನು ಅವಳ ಕೈಗೆ ಕೊಡದೆ ನಾನೇ ಸಾಗರದ ರಸ್ತೆಗಳಲ್ಲಿ ಸುತ್ತಿಸಿದೆ. ಮೆಲ್ಲಗೆ ಒತ್ತಿ, ಮೆಲ್ಲಗೆ ಬಿಟ್ಟು, ಮಗುವಿಗೆ ಅ ಆ ತಿದ್ದಿಸುವ ಹಾಗೆ ನನ್ನ ಕಾಲನ್ನು ಅದಕ್ಕೆ ಕಲಿಸಿದೆ. ಮಧ್ಯಾಹ್ನವೆಲ್ಲ ಚೆನ್ನಾಗಿ ಓಡಿತು. ನಾನು ಗೆದ್ದೆನೆಂದು ಬೀಗಿದೆ. ಸೋಮವಾರ ಬೆಳಿಗ್ಗೆ ಗೇಟು ದಾಟುವ ಮೊದಲೇ ಒದ್ದಿತು. ನನಗೆ ಅಳುವೇ ಬಂತು.

ಮತ್ತೆ ದೂರು ಕೊಂಡು ಹೋದಾಗ ಮೆಕ್ಯಾನಿಕ್ಕನ ದನಿ ಬದಲಾಗಿತ್ತು. "ನಿಮ್ ವಾರಗಿತ್ತಿಯೋರಿಗೆ ಏನೂ ಪ್ರಾಬ್ಲಮ್ ಇಲ್ವಂತಲ್ಲ? ನೀವ್ ಸ್ವಲ್ಪ ಕಾಲು ಹಗುರ ಇಟ್ಕಳಿ ಮೇಡಂ" ಎಂದ. ಇದು ಮನೆಗೂ ಮುಟ್ಟಿತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ತೀರ್ಪು ಕೊಟ್ಟರು: "ಕಾರು ಇನ್ನು ಹೊಸನಗರದಲ್ಲೇ ಇರ್ಲಿ. ಅವಳ ಕೈಲಿ ಸರಿ ಹೋಗ್ತು. ನೀನು ಬಸ್ಸಿಗೆ ಹೋಗು." ನನ್ನ ಗಂಡ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿಕೊಂಡರು.

ಬಸ್ಸಿಗೆ ಹೋಗುವುದು ನನಗೆ ಅವಮಾನವೇನಲ್ಲ. ಆದರೆ ಮನೆಗೂ ಆಫೀಸಿಗೂ ನಡುವೆ ಕಾರಿನ ಬಾಗಿಲು ಹಾಕಿಕೊಂಡು ಕೂರುವ ಆ ಹೊತ್ತೊಂದೇ ಅದೆಲ್ಲಿ, ಇದೆಲ್ಲಿ ಎಂದು ಯಾರೂ ನನ್ನನ್ನು ಕೇಳದ ಹೊತ್ತು. ಬೇಕೆಂದರೆ ಹಾಡುತ್ತಿದ್ದೆ, ಬೇಕೆಂದರೆ ಅತ್ತೆಗೆ ಕೊಡದ ಉತ್ತರಗಳನ್ನೆಲ್ಲ ಜೋರಾಗಿ ಕೊಡುತ್ತಿದ್ದೆ. ಇನ್ನು ಅದೂ ಅವಳ ಪಾಲು. ಮಾರನೆಯ ದಿನ ಸಂಜೆ ಅವಳು ಕಾರು ತಂದಾಗ ನಾನು ಸೀಟಿಗೆ ಕೂರದೆ ಬಸ್ ಹತ್ತಿದೆ. "ಬೇಜಾರು ಮಾಡ್ಕ್ಯಳಡ ಅಕ್ಕ" ಎಂದಳು. ಅವಳ ಸಮಾಧಾನ ಬೇರೆ ಕೇಡು.

ಮರುದಿನ ಬೆಳಿಗ್ಗೆ ಇಡೀ ದಾರಿ ಮಂಜು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಅವಳ ಫೋನ್ ಬಂತು.

"ಅಕ್ಕಾ, ಈ ಕಾರು ನನ್ನ ಒದೀತು! ಈಗಷ್ಟೇ ಅಂಗಳದಲ್ಲಿ ಸ್ಟಾರ್ಟ್ ಮಾಡಿದಿ, ಗುಂಡಿ ಹಾರಿದ ಹಾಂಗೆ ಹಾರ್ತು. ಕಾರು ಕೆಟ್ಟೋಜು. ಮೆಕ್ಯಾನಿಕ್ಕಂಗೆ ಹೇಳವು."

ನನ್ನ ಮೈಯೆಲ್ಲ ಬೆಚ್ಚಗಾಯಿತು. ಅಷ್ಟು ಸಿಹಿ ಸುದ್ದಿಯನ್ನು ಆ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. ಒಬ್ಬಳೇ ನಕ್ಕದ್ದನ್ನು ಕಂಡು ಕಂಡಕ್ಟರ್ ಎರಡೆರಡು ಸಲ ತಿರುಗಿ ನೋಡಿದ. ಆಮೇಲೆ ಒಂದೊಂದೇ ಹೊಳೆಯಿತು. ರಾತ್ರಿಯಿಡೀ ತಣ್ಣಗೆ ನಿಂತ ಕಾರನ್ನು ಅವಳು ಮುಟ್ಟಿದ್ದು ಇವತ್ತೇ ಮೊದಲು. ಬೆಳಿಗ್ಗೆ ಅವಳ ಕೈಗೆ ಹೋಗುತ್ತಿದ್ದದ್ದು ನಾನು ದಾರಿಯುದ್ದ ಒದೆ ತಿಂದು ಬಿಸಿ ಮಾಡಿ ತಂದ ಕಾರು. ಸಂಜೆ ಅದು ಶಾಲೆಯ ಬಯಲಿನಲ್ಲಿ ಬಿಸಿಲು ಕಾಯಿಸಿಕೊಂಡು ನಿಂತಿರುತ್ತಿತ್ತು. ಮೆಕ್ಯಾನಿಕ್ಕನ ಹತ್ತಿರ ಹೋಗುವಾಗಲೂ ಬಿಸಿ. ಬೆಡ್ ಕಾಫಿ ಕೊಟ್ಟ ಹಾಗೆ ನಾನೇ ದಿನಾ ಅವಳಿಗೆ ಬೆಚ್ಚಗೆ ಒಪ್ಪಿಸಿ ಬರುತ್ತಿದ್ದೆ.

ಇದನ್ನು ಅತ್ತೆಗೆ ಹೇಗೆ ಹೇಳಬೇಕೆಂದು ದಿನವಿಡೀ ಮಾತು ಜೋಡಿಸಿಕೊಂಡು ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಕಾರೇ ಹಾಳಾಜಡ. ಆ ಮೆಕ್ಯಾನಿಕ್ ಎಂತ ಮಾಡಿಟ್ಟಿದ್ನೇನ. ಪಾಪ, ಅವಳಿಗೆ ಹೆದ್ರಿಕೆ ಆತಡ" ಎಂದರು. ನಾನು ಚಳಿಗಾಲವಿಡೀ ಹೇಳಿದಾಗ ಅದು ನನ್ನ ಕಾಲಿನ ತಪ್ಪಾಗಿತ್ತು. ಅವಳು ಒಂದು ಬೆಳಿಗ್ಗೆ ಹೇಳಿದ ಕೂಡಲೇ ಕಾರಿನ ತಪ್ಪಾಯಿತು. ಜೋಡಿಸಿಟ್ಟ ಮಾತುಗಳನ್ನು ನುಂಗಿಕೊಂಡು ಕಾಲು ತೊಳೆಯಲು ಹೋದೆ.

ಮೆಕ್ಯಾನಿಕ್ ಕಾರನ್ನು ರಾತ್ರಿ ತನ್ನ ಶೆಡ್ಡಿನಲ್ಲೇ ಬಿಟ್ಟುಕೊಂಡು ಬೆಳಿಗ್ಗೆ ಸ್ಟಾರ್ಟ್ ಮಾಡಿದ. ಅವನಿಗೂ ಒದ್ದಿತು. ಬಿಚ್ಚಿದರೆ ಒಳಗೊಂದು ಹಳೆಯ ರಬ್ಬರ್ ಸೀಲು. ಹೊಸ ಸೆಟ್ಟಿನಲ್ಲಿ ಅದು ಬಂದಿರಲಿಲ್ಲವೆಂದು ಹಳೆಯದನ್ನೇ ಕೂರಿಸಿದ್ದನಂತೆ. ಚಳಿಗೆ ಗಟ್ಟಿಯಾಗಿ ಆಯಿಲಿನ ಒತ್ತಡ ಸೋರಿಹೋಗುವುದು, ಬಿಸಿಯಾದರೆ ಮೆತ್ತಗಾಗಿ ಕಚ್ಚಿ ಕೂರುವುದು. "ನಿಮ್ ಕಾಲಿಂದೇನ್ ತಪ್ಪಿಲ್ಲ ಬಿಡಿ ಮೇಡಂ" ಎಂದು ಹಲ್ಲು ಕಿರಿದ. ಕೀಲಿಕೈ ಮತ್ತೆ ಸಾಗರಕ್ಕೆ ಬಂತು.

ಈಗ ಎಂಥಾ ಚಳಿಯಲ್ಲೂ ಕಾರು ತಕರಾರಿಲ್ಲದೆ ಹೊರಡುತ್ತದೆ. ಮೊನ್ನೆ ಹೊಸನಗರದಲ್ಲಿ ಸೀಟು ಬಿಟ್ಟುಕೊಡುವಾಗ, ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಅವಳನ್ನು ಕೇಳಿಯೇಬಿಟ್ಟೆ. ಅವತ್ತು ಬೆಳಿಗ್ಗೆ ಕಾರು ಹಾರಿದಾಗ, ತಾನು ಓಡಿಸುವುದೇ ಸರಿಯಿಲ್ಲವೇನೋ ಎಂದು ಒಂದು ಗಳಿಗೆಯಾದರೂ ಅನ್ನಿಸಿತ್ತಾ ಎಂದು.

ಅವಳು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದಳು.

"ಎಂತಕ್ಕೆ ಅಕ್ಕ? ಒದ್ದದ್ದು ಕಾರು ಅಲ್ದಾ?"

ಕೈಬೀಸಿ ತೀರ್ಥಹಳ್ಳಿಯ ಕಡೆ ಹೊರಟಳು. ನಾನು ಆಫೀಸಿನ ದಾರಿ ಹಿಡಿದೆ. ಕೀಲಿಕೈಯೇನೋ ನನಗೆ ಮರಳಿತ್ತು, ಆದರೂ ಅವಳನ್ನು ನೆನೆದು ಹೊಟ್ಟೆ ಉರಿಯುತ್ತಲೇ ಇತ್ತು.