ಅತ್ತೆಯವರು ಕನ್ನಡ ಬಿಟ್ಟ ಚಾತುರ್ಮಾಸ

ಟಣ್, ಟಣ್. ಹಿತ್ತಾಳೆಯ ತಂಬಿಗೆಗೆ ಹವಳದ ಉಂಗುರ ಬಡಿಯುವ ಸದ್ದು. ಒಂದು ಸಲ ಬಡಿದರೆ ‘ಇಲ್ಲಿ ಬಾ’ ಎಂದರ್ಥ. ಎರಡು ಸಲ ಬಡಿದರೆ ‘ಊಟಕ್ಕೆ ಏಳು’. ಬಿಡದೆ ಬಡಿಯುತ್ತಲೇ ಇದ್ದರೆ ‘ಮೆಟ್ಟಿಲ ಮೇಲೆ ಓಡಬೇಡ, ಬೀಳುತ್ತೀ’. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ, ಪುಣೆಯ ಹಳೆಯ ಪೇಟೆಯ, ಹತ್ತಾರು ಬಿಡಾರಗಳಿದ್ದ ಒಂದು ವಾಡೆಯ ಮಹಡಿಯಲ್ಲಿದ್ದ ನಮ್ಮ ಎರಡು ಕೋಣೆಗಳಲ್ಲಿ, ನನ್ನ ಅತ್ತೆಯವರು ಆರು ವರ್ಷದ ಮೊಮ್ಮಗಳೊಡನೆ ಮಾತಾಡುತ್ತಿದ್ದುದು ಹೀಗೆ. ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ.

ಈಗ ನಮ್ಮ ಬಿಲ್ಡಿಂಗಿನ ಹುಡುಗಿಯರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಾರೆ. ಫ್ಲೆಕ್ಸಿಬಲ್ ಸ್ಕೂಲಿಂಗ್ ಅನ್ನುತ್ತಾರೆ. “ಆಂಟಿ, ನಿಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅಲ್ವಾ?” ಎಂದು ಮೊನ್ನೆ ಒಬ್ಬಳು ಲಿಫ್ಟಿನಲ್ಲಿ ಕೇಳಿದಳು. ಇತ್ತಮ್ಮಾ. ಅದಕ್ಕೊಂದು ಹೆಸರಿರಲಿಲ್ಲ, ಅಷ್ಟೇ. ನಾವಾಗಿ ಆರಿಸಿಕೊಂಡದ್ದೂ ಅಲ್ಲ. ಬೇರೆ ದಾರಿ ಕಾಣದೆ ಹಿಡಿದ ದಾರಿ ಅದು.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ಕಾರಿಡಾರಿನ ಪಾಲಿಶ್ ವಾಸನೆ, ಅಸೆಂಬ್ಲಿಗೆ ಮುಂಚೆ ಯಾರೋ ಪಿಯಾನೋ ಮೇಲೆ ಬೆರಳಾಡಿಸುವ ಸದ್ದು, ಬಿಳಿ ಕಾಲುಚೀಲ. ಇವತ್ತಿಗೂ ಕಣ್ಣು ಮುಚ್ಚಿದರೆ ನಾನು ಅಲ್ಲೇ ಸಾಲಿನಲ್ಲಿ ನಿಂತಿರುತ್ತೇನೆ. ಮದುವೆಯಾಗಿ ಬಂದದ್ದು ಆಫೀಸಿನಲ್ಲಿ ಕ್ಲಾರ್ಕಾಗಿದ್ದ ಗಂಡ ಮತ್ತು ಬಾಗಲಕೋಟೆಯಿಂದ ಬಂದ ಮಡಿವಂತ ಅತ್ತೆಯವರ ಮನೆಗೆ. ಮಗಳು ಹುಟ್ಟಿದಾಗಲೇ ಅವಳ ಪಿನಾಫೋರಿನ ನೆರಿಗೆಗಳು ನನ್ನ ಕಣ್ಣ ಮುಂದಿದ್ದವು. ಅಡ್ಮಿಷನ್ ಸಿಕ್ಕ ದಿನ ನಾನು ಇಡೀ ವಾಡೆಗೆ ಪೇಢೆ ಹಂಚಿದೆ.

ಶಾಲೆಯವರು ಹೇಳಿದ್ದು ಒಂದೇ ಮಾತು: ಓನ್ಲಿ ಇಂಗ್ಲಿಷ್ ಅಟ್ ಹೋಮ್, ಪ್ಲೀಸ್. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮಗು ಕನ್ಫ್ಯೂಸ್ ಆಗುತ್ತದೆ ಎಂದರು. ನನ್ನ ಗಂಡ ಅದನ್ನು ತಾಯಿಗೆ ತಿಳಿಸಿ ಹೇಳಿದರು.

“ಅಂದ್ರ ನಾ ಕೂಸಿನ ಜೋಡಿ ಏನ್ ಮಾತಾಡ್ಲಿ? ನನಗ ಇಂಗ್ಲಿಷಿನ್ಯಾಗ ಬರೂದು ‘ಟೈಮ್’ ಅನ್ನೂದೊಂದ.”

“ದಿನಾ ‘ಟೈಮ್, ಟೈಮ್’ ಅನ್ಕೋತ ಇರವ್ವಾ. ಶಾಣ್ಯಾ ಆಗ್ತಾಳ.”

ಅತ್ತೆಯವರು ನಗಲಿಲ್ಲ. ಆಷಾಢದ ಏಕಾದಶಿ ಹತ್ತಿರ ಬಂದಿತ್ತು. ನಮ್ಮಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಒಂದೊಂದು ತಿಂಗಳಿಗೆ ಒಂದೊಂದನ್ನು ಬಿಡುವ ವ್ರತವಿದೆ. ಮೊದಲು ಕಾಯಿಪಲ್ಲೆ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಅತ್ತೆಯವರು ಅದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಸಂಕಲ್ಪದ ದಿನ ದೇವರ ಮುಂದೆ ಕೂತವರು ಎದ್ದು ಬಂದು, “ಈ ಸಲ ಇನ್ನೊಂದು ಬಿಟ್ಟೀನಿ” ಎಂದರು.

“ಏನ್ ಬಿಟ್ರಿ?” ಎಂದೆ.

“ಕೂಸಿನ ಮುಂದ ಕನ್ನಡ. ಕಾರ್ತೀಕದ ತನಕ. ಅಷ್ಟರಾಗ ಅಕಿ ಇಂಗ್ಲಿಷ್ ಕಲೀತಾಳ.”

“ಮೊಸರು ಬಿಟ್ಟಂಗ ಭಾಷಾ ಬಿಡ್ಲಿಕ್ಕೆ ಬರ್ತದೇನವ್ವಾ?” ಎಂದರು ನನ್ನ ಗಂಡ.

“ಮೊಸರಿಗಿಂತ ಇದು ಹಗುರ. ಮೊಸರಿಲ್ಲಂದ್ರ ಊಟ ಇಳಿಯೂದಿಲ್ಲ.”

ಆ ದಿನದಿಂದ ಮಗು ಎದುರಿಗಿದ್ದರೆ ಅತ್ತೆಯವರು ಮೂಕರು. ಅದು ಶಾಲೆಗೆ ಹೋದ ಮೇಲೆ ಅಥವಾ ಮಲಗಿದ ಮೇಲೆ ನನ್ನೊಡನೆ ಎರಡು ಮಾತು. ಉಳಿದಂತೆ ತಂಬಿಗೆ ಮತ್ತು ಉಂಗುರ. ನಾನು ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲಿ, “ವಾಟ್ ಡಿಡ್ ಯು ಲರ್ನ್ ಟುಡೇ, ಡಾರ್ಲಿಂಗ್?” ಎಂದು ಕೇಳುತ್ತಿದ್ದೆ. ಮಗಳು ನನ್ನ ಮುಖವನ್ನು ನೋಡುತ್ತಿದ್ದಳು. ಹಳೆಯ ಅಮ್ಮ ಯಾವಾಗ ವಾಪಸು ಬರುತ್ತಾಳೆ ಎಂದು ಕಾಯುವವಳ ಹಾಗೆ.

ಮೊದಲು ಅವಳ ಹಾಡು ನಿಂತಿತು. ಆಮೇಲೆ ಸ್ನಾನದ ಮನೆಯಲ್ಲಿ ತನ್ನಷ್ಟಕ್ಕೆ ತಾನೇ ಆಡಿಕೊಳ್ಳುತ್ತಿದ್ದ ಮಾತು. ಹೊಸ ಶಾಲೆಯಲ್ಲವೇ, ನಾಚಿಕೆ, ಶೀ ವಿಲ್ ಸೆಟಲ್ ಡೌನ್ ಎಂದುಕೊಂಡೆವು. ಗಣಪತಿ ಕಳಿಸುವ ದಿನ ನಮಗೆ ನಿಜ ತಿಳಿಯಿತು. ವಾಡೆಯ ಮಕ್ಕಳೆಲ್ಲ ಗುಲಾಲು ಮೆತ್ತಿಕೊಂಡು ಗಂಟಲು ಹರಿಯುವಂತೆ ‘ಮೋರಯಾ’ ಎಂದು ಕೂಗುತ್ತಿದ್ದರು. ಹಿಂದಿನ ವರ್ಷ ಅಪ್ಪನ ಹೆಗಲ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ಕೂಗಿದ ನನ್ನ ಮಗಳು ಕಂಬಕ್ಕೆ ಒರಗಿ ನಿಂತಿದ್ದಳು. ತುಟಿ ಬಿಗಿದುಕೊಂಡಿತ್ತು. “ಅನ್ನು ಪುಟ್ಟಾ, ಮೋರಯಾ ಅನ್ನು” ಎಂದು ಅವಳಪ್ಪ ಬೇಡಿಕೊಂಡರು. ಅವಳು ಕಂಬವನ್ನು ಬೆರಳ ಗೆಣ್ಣಿನಿಂದ ಬಡಿದಳು. ಟಕ್, ಟಕ್.

ಅದೇ ವಾರ ಶಾಲೆಯಿಂದ ಕರೆ ಬಂತು. ಕ್ಲಾಸಿನಲ್ಲಿ ಹೆಸರು ಕೇಳಿದರೂ ಡೆಸ್ಕ್ ಬಡಿಯುತ್ತಾಳಂತೆ. ಮಕ್ಕಳು ನಗುತ್ತಾರಂತೆ. ಸ್ಟಬರ್ನ್ ಚೈಲ್ಡ್, ಇಲ್ಲವೇ ಕಿವಿ ಕೇಳಿಸುವುದಿಲ್ಲ ಎಂದರು. ಡಾಕ್ಟರು ಗಡಿಯಾರ ಹಿಡಿದು ಪರೀಕ್ಷೆ ಮಾಡಿ, ಕಿವಿ ಫಸ್ಟ್ ಕ್ಲಾಸ್ ಇದೆ ಎಂದರು.

ದಾರಿಯಲ್ಲಿ ನನ್ನ ಗಂಡ ಹೇಳಿದರು: “ನಾಳಿಂದ ಸಾಲಿಗೆ ಕಳಸೂದು ಬ್ಯಾಡ.”

“ಸೀಟ್ ಹೋದ್ರ ಮತ್ತ ಸಿಗೂದಿಲ್ರಿ.”

“ಹೋಗ್ಲಿ. ಕೂಸಿನ ಮಾತು ಹೋದ್ರ ಎಲ್ಲಿಂದ ತರೂಣು?”

ನಾನು ಪಿನಾಫೋರನ್ನು ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟೆ. ಯಾರೂ ಇಸ್ತ್ರಿ ಮಾಡೆಂದು ಹೇಳಿರಲಿಲ್ಲ.

ವಾಡೆಯ ಕೆಳಗಿನ ಪಡಸಾಲೆಯಲ್ಲಿ ನಿವೃತ್ತ ಮರಾಠಿ ಮಾಸ್ತರಿಣಿಯೊಬ್ಬರು ಒಂಟಿಯಾಗಿದ್ದರು. ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ಟೀಚರಿಗೆ ಹಾಗೆ ಅನ್ನುತ್ತಾರೆ. ಅವರ ಹತ್ತಿರ ನಾಲ್ಕಾರು ಮಕ್ಕಳು ಬರುತ್ತಿದ್ದರು. ಉಬ್ಬಸದ ಒಬ್ಬ ಹುಡುಗ, ಬಿಸಿಲೇರದೆ ಏಳುತ್ತಿರಲಿಲ್ಲ. ಒಬ್ಬಳ ತಾಯಿ ನರ್ಸು. ಅವಳ ಡ್ಯೂಟಿ ಬದಲಾದ ಹಾಗೆ ಇವಳ ಪಾಠದ ಹೊತ್ತೂ ಬದಲಾಗುತ್ತಿತ್ತು. ಗಂಟೆಯಿಲ್ಲ, ಹಾಜರಿಯಿಲ್ಲ. ಮೈ ಗಾಡ್, ಇದೊಂದು ಶಾಲೆಯೇ ಎಂದು ನಾನು ಮೂಗು ಮುರಿದವಳೇ. ಶಾಲೆ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಬಾಯಿ, “ಮುಲಂ ಯೇತೀಲ ತೇವ್ಹಾ” ಎಂದು ನಕ್ಕರು. ಮಕ್ಕಳು ಬಂದಾಗ.

ನನ್ನ ಮಗಳನ್ನು ಅವರು ಏನೂ ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ. ಹುಣಸೆಬೀಜದ ರಾಶಿಯೊಂದನ್ನು ಮುಂದೆ ಸುರಿದು ಸುಮ್ಮನಾದರು. ಅವಳು ಅಜ್ಜಿಯ ಸೆರಗು ಬಿಡದಿದ್ದಾಗ ಅಜ್ಜಿಗೂ ಮಣೆ ಹಾಕಿದರು. ಅತ್ತೆಯವರು ಅಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಹೊಸೆಯುತ್ತ ಕೂಡುತ್ತಿದ್ದರು. ಮಗು ಶಾಲೆ ಬಿಟ್ಟಿತಲ್ಲ, ಇನ್ನಾದರೂ ಮಾತಾಡವ್ವಾ ಎಂದು ನನ್ನ ಗಂಡ ಕೈಮುಗಿದು ಕೇಳಿದ್ದರು. “ದೇವರ ಮುಂದ ನೀರು ಬಿಟ್ಟೀನಿ. ನಡುವ ಹ್ಯಾಂಗ ಮುರೀಲಿ? ಮುರದ್ರ ಕೂಸಿಗೇ ತಟ್ಟೀತು” ಎಂದು ಅತ್ತೆಯವರು ಕಣ್ಣೊರೆಸಿಕೊಂಡರು. ಮೊಸರಿಗಿಂತ ಹಗುರ ಎಂದವರು ಆಗಲೇ ಅರ್ಧ ಇಳಿದುಹೋಗಿದ್ದರು.

ಹೀಗೇ ಕೆಲವು ದಿನ ಕಳೆದವು. ಹಾಲು ಬಿಡುವ ತಿಂಗಳು ಬಂದಿತ್ತು. ಒಂದು ಮಧ್ಯಾಹ್ನ ನಾನು ಒಗೆದ ಬಟ್ಟೆಯ ಬಕೇಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಬಾಯಿ ಎರಡು ಕಪ್ ಚಹಾ ತಂದು ಒಂದನ್ನು ಅತ್ತೆಯವರ ಮುಂದಿಟ್ಟರು. ಅತ್ತೆಯವರು ಕೈಯಾಡಿಸಿ ಬೇಡವೆಂದರು. ಬಾಯಿ ಮತ್ತೆ ಸರಿಸಿದರು. ಅತ್ತೆಯವರು ಕೈಮುಗಿದು, ಮಣೆಯನ್ನೇ ಹಿಂದಕ್ಕೆ ಎಳೆದುಕೊಂಡರು. ಮಗು ಎದುರಿಗಿದೆ, ಕಾರಣ ಹೇಳುವಂತಿಲ್ಲ. ಬಾಯಿಯ ಮುಖ ಸಣ್ಣದಾಯಿತು.

“ಆಮ್ಚ್ಯಾ ಹಾತಚಾ ಚಹಾ ಚಾಲತ ನಾಹೀ ವಾಟತಂ” ಎಂದು ಮೆಲ್ಲಗೆ ಅಂದು ಕಪ್ ಎತ್ತಿಕೊಂಡರು. ನಮ್ಮ ಕೈಯ ಚಹಾ ನಿಮಗೆ ನಡೆಯುವುದಿಲ್ಲವೇನೋ. ಮಡಿವಂತರು ಬೇರೆಯವರ ಮನೆಯಲ್ಲಿ ಮುಟ್ಟುವುದಿಲ್ಲ ಎಂದೇ ಅವರು ತಿಳಿದರು. ನಾನು ಬಕೇಟು ಇಟ್ಟು ಓಡಿ ಹೇಳಬೇಕು, ಅಷ್ಟರಲ್ಲಿ—

“ತಸಂ ನಾಹೀ ಬಾಯಿ! ಆಜೀಚಂ ವ್ರತ ಆಹೇ! ಹ್ಯಾ ಮಹಿನ್ಯಾತ ದೂಧ ಚಾಲತ ನಾಹೀ!”

ಹಾಗಲ್ಲ ಬಾಯಿ, ಅಜ್ಜಿಯದು ವ್ರತ, ಈ ತಿಂಗಳು ಹಾಲು ನಡೆಯುವುದಿಲ್ಲ. ನನ್ನ ಮಗಳು ಹುಣಸೆಬೀಜ ಚೆಲ್ಲಿ ಎದ್ದು ನಿಂತಿದ್ದಳು. ತುಕ್ಕು ಹಿಡಿದಂತಿದ್ದ ದನಿ. ತಿರುಗಿ ಅಜ್ಜಿಯ ಮೇಲೆ ಏರಿಹೋದಳು:

“ಬಾಯಿಗೆ ಬ್ಯಾಸರಾತು ನೋಡು! ಬಾಯಿಬಿಟ್ಟು ಹೇಳ್ಲಿಕ್ಕೆ ಏನಾಗೇದ ನಿನಗ?”

“ಹೇಳಿದ್ರ ವ್ರತ ಮುರೀತಿತ್ತಲ್ಲೇ ನಮ್ಮವ್ವಾ!” ಎಂದುಬಿಟ್ಟರು ಅತ್ತೆಯವರು. ಅಂದ ಮೇಲೆ ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದರು. ಆಮೇಲೆ ಮೂವರೂ ನಕ್ಕರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮುರಿದ ವ್ರತಕ್ಕೆ ಅತ್ತೆಯವರು ಮುಂದಿನ ಆಷಾಢದವರೆಗೆ ಚಹಾ ಬಿಟ್ಟರು. ಬಾಯಿ ಅವರಿಗೆ ಬೆಲ್ಲದ ಪಾನಕ ಮಾಡಿ ಕೊಡುತ್ತಿದ್ದರು. ನನ್ನ ಮಗಳ ಮಾತು ಮೊದಲು ಮರಾಠಿಯಲ್ಲಿ ಬಂತು, ಆಮೇಲೆ ಕನ್ನಡದಲ್ಲಿ. ನಾನು ಅಷ್ಟು ಆಸೆಪಟ್ಟ ಇಂಗ್ಲಿಷ್ ಕೊನೆಗೆ ಬಂತು, ಬಹಳ ವರ್ಷಗಳ ನಂತರ, ತನ್ನಷ್ಟಕ್ಕೆ. ಆ ಚಹಾದ ದಿನ ಸಂಜೆ ತಲೆ ಬಾಚುವಾಗ ನಾನು, “ಬಾರವ್ವಾ ನನ್ನ ಬಂಗಾರ” ಎಂದೆ. ಅವಳು ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿ, “ಇಷ್ಟ ದಿನ ಇದನ್ನ ಎಲ್ಲೆ ಮುಚ್ಚಿಟ್ಟಿದ್ದಿ ಮಮ್ಮೀ?” ಎಂದಳು.

ನಾಲ್ಕನೆಯ ಇಯತ್ತೆಯವರೆಗೂ ಬಾಯಿಯ ಪಡಸಾಲೆಯೇ ಅವಳ ಶಾಲೆ. ಆಮೇಲೆ ಮರಾಠಿ ಹೆಣ್ಣುಮಕ್ಕಳ ಶಾಲೆಗೆ ಪರೀಕ್ಷೆ ಕೊಟ್ಟು ಸೇರಿದಳು. ನಾವು ಊರಂಚಿನ ಬಿಬವೇವಾಡಿಗೆ ಮನೆ ಬದಲಿಸಿದೆವು. ಅಲ್ಲಿ ಸ್ವಂತ ನಲ್ಲಿ, ಸ್ವಂತ ಗ್ಯಾಲರಿ. ಆದರೂ ಎಷ್ಟೋ ಮಧ್ಯಾಹ್ನ ನಾನು ಗ್ಯಾಲರಿಯಲ್ಲಿ ನಿಂತು, ಅಷ್ಟು ದೂರದಿಂದಲೂ ಕೇಳಿಸೀತೇನೋ ಎಂಬಂತೆ, ಆ ಪಡಸಾಲೆಯ ಗದ್ದಲಕ್ಕೆ ಕಿವಿಗೊಡುತ್ತಿದ್ದೆ. ನನ್ನ ಕಾನ್ವೆಂಟಿನ ಪಿಯಾನೋಗಿಂತ ಹೆಚ್ಚಾಗಿ ಅದೇ ನೆನಪಾಗುತ್ತಿತ್ತು ಎಂದರೆ ನನಗೇ ಆಶ್ಚರ್ಯ.

ಎಂಬತ್ತರ ದಶಕದ ನಡುವೆ ನನ್ನ ಮೈದುನನ ಮನೆಯಲ್ಲಿ ಬಾಣಂತನ ಬಂತು. ಅತ್ತೆಯವರು ಬಾಗಲಕೋಟೆಗೆ ಹೊರಟರು. ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಿಟಕಿಯ ಸೀಟಿನಲ್ಲಿ ಕೂಡಿಸಿದೆವು. ಆ ಚಾತುರ್ಮಾಸಕ್ಕೆ ನನ್ನ ಇಂಗ್ಲಿಷಿನ ಆಸೆಯೇ ಕಾರಣ ಎಂದು ಅವರಿಗೆ ನಾನು ಹೇಳಬೇಕಿತ್ತು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದು. ಮಗಳು ಬಿಡಬೇಕಲ್ಲ? ಕಾಲೇಜಿಗೆ ಹೋಗುವ ಹುಡುಗಿ, ಕಿಟಕಿಯ ಸರಳು ಹಿಡಿದು, ತನ್ನ ಗೆಳತಿ ನಾಟಕದಲ್ಲಿ ಮಾತು ಮರೆತು ನಿಂತ ಕತೆಯನ್ನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೈ ಬಾಯಿ ಆಡಿಸುತ್ತ ಹೇಳುತ್ತಿದ್ದಳು. ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಅಲುಗಿತು. ಅತ್ತೆಯವರು ನನ್ನ ಕಡೆ ನೋಡಲಿಲ್ಲ. ಇಂಜಿನ್ನಿನ ಸದ್ದಿಗೆ ಕಿವಿಯ ಹಿಂದೆ ಅಂಗೈ ಹಿಡಿದು, ಕಿಟಕಿಯಿಂದ ಬಾಗಿ, “ಮುಂದ? ಮುಂದೇನಾತು ಹೇಳಲೇ!” ಎಂದು ಕೂಗುತ್ತಿದ್ದರು. ಮಗಳು ಬಸ್ಸಿನ ಜೊತೆ ಓಡುತ್ತ ಹೇಳುತ್ತಲೇ ಇದ್ದಳು.