ಕೆಮಿಗೆ ಕೇಳಿದ ‘ಬತ್ತೆ’

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆ, ಮನೆ ಒಕ್ಕಲು, ಬೊಜ್ಜ ಮೂರಕ್ಕೂ ಒಂದೇ ಮುಖ ಇಟ್ಟುಕೊಂಡು ಆಮಂತ್ರಣ ಟೈಪು ಮಾಡುವವಳು ಸುಪ್ರೀತಾ. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಕೊಂಬು ಕೊಟ್ಟರೆ ಬದುಕಿರುವವರ ಹೊಟ್ಟೆ.

ಮಣಿಕಟ್ಟು ನೋಯತೊಡಗಿದಾಗ ಅವಳು ಮಾತು ಕೇಳಿ ಬರೆದುಕೊಳ್ಳುವ ತಂತ್ರಾಂಶ ಹುಡುಕಿದಳು. ಸಿಕ್ಕಿದ್ದು ‘ಕೆಮಿ’. ಕುಂದಾಪುರದ ಬಾಯಲ್ಲಿ ಕಿವಿಗೆ ಅದೇ ಹೆಸರು. ಬೈಂದೂರಿನ ಉಪನ್ಯಾಸಕಿ ಧನ್ಯಶ್ರೀ ಮತ್ತು ಗೆಳೆಯರು ಬಿಡುವಿನಲ್ಲಿ ಕಟ್ಟುತ್ತಿದ್ದ ಮುಕ್ತ ತಂತ್ರಾಂಶ ಅದು. ಯಾರೂ ಬಳಸಬಹುದು, ಬಿಚ್ಚಿ ನೋಡಬಹುದು, ತಪ್ಪು ಹುಡುಕಬಹುದು. ತಪ್ಪು ಹುಡುಕುವವರು ಬೇಕಾಗಿದ್ದಾರೆ ಎಂದು ಜಾಹೀರಾತು ಕೊಟ್ಟಿದ್ದರು. ನಮ್ಮೂರಿನಲ್ಲಿ ಆ ಕೆಲಸಕ್ಕೆ ಜಾಹೀರಾತು ಬೇಕಾದದ್ದು ಅದೇ ಮೊದಲು.

“ಸಂಬಳ ಎಷ್ಟಂಬ್ರ್?” ಎಂದು ಅಂಗಡಿಯ ಯಜಮಾನ ಪ್ರೇಮಾನಂದ ಕೇಳಿದ.

“ಇಲ್ಲೆ. ಸ್ವಯಂಸೇವೆ.”

“ಹೋಟ್ಲಂಗ್ ಇದ್ದಂಗಾ? ತಟ್ಟೆ ತಕಂಬ್ದೂ ನಾವೇ, ಇಡುದೂ ನಾವೇ?”

ಧನ್ಯಶ್ರೀ ಫೋನಿನಲ್ಲೇ ಪಾಠ ಹೇಳಿದಳು. “ನೀವ್ ಎಂತ ಹೇಳಿದ್ರಿ, ಕೆಮಿ ಎಂತ ಬರೀತ್, ಇನ್ನೊಂದ್ ಸಲ ಮಾಡಿರೂ ಹಾಂಗೇ ಆತ್ತಾ. ಇಷ್ಟ್ ತಿಳ್ಸಿ ಸಾಕ್, ಅಕ್ಕಾ.” ಮುಖ್ಯವಾದದ್ದು ಮೂರನೆಯದು. ಒಮ್ಮೆ ಆದದ್ದನ್ನು ಭ್ರಮೆ ಎನ್ನಬಹುದು. ಕರೆದಾಗೆಲ್ಲ ಬಂದರೆ ಅದು ದೋಷ.

ಸುಪ್ರೀತಾ ಹಿಡಿದ ಮೊದಲ ದೋಷ ‘ಬತ್ತೆ’. ನಮ್ಮ ಕಡೆ ಮನೆ ಬಿಡುವಾಗ ಹೋಗುತ್ತೇನೆ ಅನ್ನುವಂತಿಲ್ಲ. ಹೋಗುವವರೆಲ್ಲ ‘ಬತ್ತೆ’ ಎಂದೇ ಹೋಗುವುದು, ಬರುತ್ತೇನೆ ಎಂದು. ಕೆಮಿ ಅದನ್ನು ‘ಭತ್ಯೆ’ ಎಂದು ಬರೆಯಿತು. ಆ ಕೆಲಸದಲ್ಲಿ ಅವಳಿಗೆ ಸಿಕ್ಕ ಭತ್ಯೆ ಅದೊಂದೇ. ಧನ್ಯಶ್ರೀಯ ತಂಡ ಅದನ್ನು ಬೇಗನೆ ಸರಿಪಡಿಸಿತು.

ಆ ಮಾತಿನ ಮೇಲೆ ಅವಳ ಮನೆಗೆ ಬೇರೆ ಲೆಕ್ಕವಿತ್ತು. ತೆಕ್ಕಟ್ಟೆಯ ಕಡಲ ಬದಿಯ ಆ ಮನೆಯಿಂದ ಅವಳ ತಮ್ಮ ರತೀಶ ‘ಬತ್ತೆ’ ಎಂದು ಮೀನುಗಾರಿಕೆಗೆ ಹೋಗಿದ್ದ. ಬೋಟು ಬಂತು, ಉಳಿದವರು ಬಂದರು, ಅವನ ಬುತ್ತಿಯ ಡಬ್ಬಿಯೂ ಬಂತು. ಎರಡು ಮಳೆಗಾಲ ಕಳೆದರೂ ತಾಯಿ ವನಜಕ್ಕ ಬೊಜ್ಜಕ್ಕೆ ಒಪ್ಪಲಿಲ್ಲ.

“ಬತ್ತೆ ಅಂದ್ ಹೋದವ. ಬೊಜ್ಜ ಮಾಡಿದ್ ಮೇಲೆ ಬಂದ್ರೆ ಅವ್ನ್ ಎಲ್ ಕೂರ್ಸುದ್?”

ಊರಿನ ಬೊಜ್ಜಗಳನ್ನೆಲ್ಲ ಟೈಪು ಮಾಡಿದ ಸುಪ್ರೀತಾಳಿಗೆ ಮನೆಯದೊಂದು ಬಾಕಿ. ಅದೊಂದು ಮುಗಿದು ಅಮ್ಮ ಕಡಲು ನೋಡುವ ಆ ಜಗಲಿಯಿಂದ ಎದ್ದರೆ ಸಾಕಿತ್ತು ಅವಳಿಗೆ.

ಮುಂದಿನ ಪರೀಕ್ಷೆ ಮೌನದ್ದು. ಮೈಕ್ ಹಾಕಿಟ್ಟು ಏನೂ ಮಾತಾಡಬಾರದು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆತ್ತ ಹಿಡಿದು ನಡೆಸುತ್ತಿದ್ದದ್ದೂ ಇದೇ ಪರೀಕ್ಷೆ, ನಾವ್ಯಾರೂ ಪಾಸಾಗಲಿಲ್ಲ. ಕೆಮಿಯೂ ಆಗಲಿಲ್ಲ.

ಭಾನುವಾರ ಮಧ್ಯಾಹ್ನ. ಸುಪ್ರೀತಾ ಫ್ಯಾನ್ ನಿಲ್ಲಿಸಿ ಮೊಬೈಲನ್ನು ಮುಂದಿಟ್ಟುಕೊಂಡಳು. ಗಾಳಿ ಬಿದ್ದುಹೋಗಿತ್ತು, ಕಡಲು ಕೂಡ ಬಾಯಿ ಮುಚ್ಚಿಕೊಂಡಂತಿತ್ತು. ಖಾಲಿ ಪರದೆಯ ಮೇಲೆ ತನ್ನಷ್ಟಕ್ಕೆ ಒಂದು ಪದ ಮೂಡಿತು.

ಬತ್ತೆ.

ಅವಳು ಹಿಂದೆ ತಿರುಗಿ ನೋಡಿದಳು. ಅಳಿಸಿ ಮತ್ತೆ ಇಟ್ಟಳು. ಬತ್ತೆ. ಇನ್ನೊಮ್ಮೆ. ಬತ್ತೆ. ಅದರ ಮುಂದಿನದನ್ನು ಗಟ್ಟಿಯಾಗಿ ಓದಿದ್ದು ಅವಳಲ್ಲ, ಬೆನ್ನ ಹಿಂದೆ ಬಂದು ನಿಂತಿದ್ದ ಅಮ್ಮ.

“ಯಾರ್ ಹೇಳದ್ದ್ ಅದ್?”

“ಯಾರೂ ಇಲ್ಲೆ ಅಮ್ಮ. ಮಿಷಿನಿನ್ ತಪ್ಪ್.”

“ನಂಗ್ ತಪ್ಪ್ ಕಾಂತಿಲ್ಲೆ.”

ಮರುದಿನದಿಂದ ವನಜಕ್ಕ ಗಂಜಿಯುಂಡ ಮೇಲೆ ಮನೆಯ ಹಳೆಯ ಮೊಬೈಲಿಗೂ ಕೆಮಿ ಹಾಕಿಸಿಕೊಂಡು, ಅದನ್ನು ಜಗಲಿಯಲ್ಲಿ ಕಡಲಿಗೆ ಮುಖ ಮಾಡಿ ಇಟ್ಟು ಕೂರತೊಡಗಿದರು. ಬೀದಿ ಬೀದಿಯಲ್ಲಿ ಕೂಗಿ ಮೀನು ಮಾರಿದ ಗಂಟಲು, ಈಗ ಉಸಿರಿನ ಸದ್ದೂ ಆಗದಂತೆ ಕಾಯುತ್ತಿತ್ತು. ಬತ್ತೆ. ಬತ್ತೆ. ಬತ್ತೆ. ಪರದೆ ತುಂಬುತ್ತಿತ್ತು. ಆಚೀಚೆ ಮನೆಯವರು ಆ ಹೊತ್ತಿಗೆ ಆ ದಾರಿ ಬಿಟ್ಟರು. ಜಗಲಿಯಲ್ಲೇ ಮಲಗುತ್ತಿದ್ದ ನಾಯಿ ತೆಂಗಿನ ಬುಡಕ್ಕೆ ಹೋಯಿತು.

ಇತ್ತ ಸುಪ್ರೀತಾ ಕಳಿಸಿದ ದೂರಿಗೆ ಬೈಂದೂರಿನಲ್ಲಿ ಧನ್ಯಶ್ರೀ, “ನಮ್ಮಲ್ ಬತ್ತಿಲ್ಲೆ ಅಕ್ಕಾ” ಎನ್ನುತ್ತಲೇ ಇದ್ದಳು. ಫ್ಯಾನ್ ಬಂದ್ ಮಾಡಿ ಸದ್ದೆಲ್ಲ ಅಡಗಿಸಿದ ಮೇಲೆ ಅವಳಿಗೂ ಬಂತು. ಕಾರಣವೂ ಸಿಕ್ಕಿತು. ಕೆಮಿಗೆ ಭಾಷೆ ಕಲಿಸಲು ಊರವರ ಧ್ವನಿ ಮುದ್ರಿಸಿದ್ದರಲ್ಲ, ಅವರೆಲ್ಲ ಓದಿ ಮುಗಿಸಿ, ಮೈಕ್ ಆರುವ ಮೊದಲು ಅಭ್ಯಾಸಬಲದಿಂದ ‘ಬತ್ತೆ’ ಎಂದು ಎದ್ದು ಹೋಗಿದ್ದರು. ಮಾತು ನಿಂತಲ್ಲಿ ‘ಬತ್ತೆ’ ಇರಬೇಕೆಂದು ಕೆಮಿ ತಿಳಿದುಕೊಂಡಿತ್ತು. ಅದನ್ನು ಮರೆಸಿ ಹೊಸ ಆವೃತ್ತಿ ಕಳಿಸಿದಳು. “ಒಂಚೂರ್ ಕಂಡ್ ಹೇಳಿ. ಸರಿಯಿದ್ರೆ ಈ ದೂರನ್ ಮುಚ್ಚುವ.”

ಸುಪ್ರೀತಾ ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ವನಜಕ್ಕ ಕೇಳಿದರು: “ಅಷ್ಟ್ ಜನ ಬತ್ತೆ ಅಂದ್ರಲ್ಲ, ಅವ್ರೆಲ್ಲ ಮನಿಗ್ ಬಂದ್ರಾ?”

“ಬಂದ್ರ್.”

ಅಮ್ಮ ಹಳೆಯ ಮೊಬೈಲನ್ನು ಸೆರಗಿನಿಂದ ಒರೆಸಿ ಮಗಳ ಕೈಗಿತ್ತರು: “ಕಾಂಬ. ಅದ್ ಸುಮ್ನಾದ್ರೆ ಬೊಜ್ಜ ಮಾಡುವ.”

ಹೊಸ ಕೆಮಿಯನ್ನು ಜಗಲಿಯಲ್ಲಿಟ್ಟು ಇಬ್ಬರೂ ಕೂತರು. ಪರದೆ ಬಿಳಿಯಾಗಿಯೇ ಇತ್ತು. ಬಿಸಿಲು ಮೆಟ್ಟಿಲಿನಿಂದ ಜಗಲಿಗೆ ಏರಿತು, ಪರದೆ ಬಿಳಿಯೇ. ಸುಪ್ರೀತಾ ಸರಿಯಾಗಿದೆ ಎಂದು ತಿಳಿಸಲು ಮೊಬೈಲಿಗೆ ಕೈ ಚಾಚಿದಳು. ಅಷ್ಟರಲ್ಲಿ ವನಜಕ್ಕ ಅದರ ಮೇಲೆ ಬಾಗಿದರು. ಇಷ್ಟು ದಿನ ಕಾದಿದ್ದರೇ ಹೊರತು ಕರೆದಿರಲಿಲ್ಲ.

“ರತೀಶಾ... ಮಗಾ...”

ಕೆಮಿ ಒಂದಕ್ಷರವೂ ತಪ್ಪದೆ ಬರೆಯಿತು: ರತೀಶಾ ಮಗಾ.

ಆಮೇಲೆ ಇಬ್ಬರ ತುಟಿಯೂ ಅಲುಗದೆ, ಅದರ ಕೆಳಗೆ ಇನ್ನೊಂದು ಸಾಲು ಮೂಡಿತು.

ಬಂದೆ.

ನಮ್ಮಲ್ಲಿ ಕರೆದಾಗ ಒಳಕೋಣೆಯಿಂದ ‘ಬಂದೆ’ ಎಂದರೆ ಇನ್ನೂ ಬಂದಿಲ್ಲ, ಎದ್ದಿದ್ದಾನೆ ಎಂದರ್ಥ.

ಏನು ಹೇಳಿದ್ದು, ಏನು ಬರೆದದ್ದು ಎರಡೂ ಸುಪ್ರೀತಾಳ ಕಣ್ಣ ಮುಂದಿತ್ತು. ಮೂರನೆಯದು ಉಳಿದಿತ್ತು. ಇನ್ನೊಮ್ಮೆ ಕರೆ ಎಂದು ಅವಳು ಅಮ್ಮನಿಗೆ ಹೇಳಲಿಲ್ಲ. ಧನ್ಯಶ್ರೀಗೆ ಬರೆಯಲು ಬೆರಳು ಹೋಯಿತು. ಅಮ್ಮ ಆ ಕೈ ಹಿಡಿದರು. ಅಮ್ಮನ ಬೆರಳಿಗೆ ಐಸಿನಿಂದ ತೆಗೆದ ಮೀನಿನ ತಂಪು.

“ಬರಿಬೇಡ ಮಗಾ. ಬರ್ದ್ರೆ ಅವ್ರ್ ಸರಿ ಮಾಡ್ತ್ರ್.”

ಸುಪ್ರೀತಾ ‘ಸರಿಯಾಗಿದೆ’ ಎಂದಷ್ಟೇ ಕಳಿಸಿದಳು. ಧನ್ಯಶ್ರೀ ಧನ್ಯವಾದ ಹೇಳಿ ಆ ದೂರನ್ನು ಮುಚ್ಚಿದಳು. ವನಜಕ್ಕ ಎದ್ದು ಒಳಗೆ ಹೋಗಿ ಅಕ್ಕಿಗೆ ಇನ್ನೊಂದು ಹಿಡಿ ಸೇರಿಸಿದರು.

ಸುಪ್ರೀತಾ ಈಗಲೂ ಕೆಮಿಯ ತಪ್ಪು ಹುಡುಕುತ್ತಾಳೆ, ಬ್ರಹ್ಮಾವರದ ಅಂಗಡಿಯಲ್ಲಿ, ಚಳಿಗಾಲದಲ್ಲೂ ಫ್ಯಾನ್ ಹಾಕಿಕೊಂಡು. ಮನೆಯ ಬೊಜ್ಜದ ಕಾಗದ ಮಾತ್ರ ಇನ್ನೂ ಟೈಪಾಗಿಲ್ಲ.